ಒಂದೇ ಔಷಧ, ಮೂರು ಉತ್ತರ

‘ವರ್ಷಗಟ್ಟಲೆ ಕೊಡುತ್ತಿದ್ದ ಚಿಕಿತ್ಸೆಯಿಂದ ಪ್ರಯೋಜನವಿಲ್ಲ: ಸಂಶೋಧನೆ’ ಎಂಬ ಶೀರ್ಷಿಕೆ ಆಗಾಗ ನಮ್ಮ ಮೊಬೈಲ್‌ಗೆ ಬಂದು ಬೀಳುತ್ತದೆ. ಅದನ್ನು ಓದಿದ ಮೇಲೆ ನಮ್ಮ ಹಾಸ್ಟೆಲ್‌ನಲ್ಲಿ ಎರಡು ಪಕ್ಷಗಳಾಗುತ್ತವೆ. ‘ಡಾಕ್ಟರ್‌ಗಳು ಇಷ್ಟು ದಿನ ನಮಗೆ ಮೋಸ ಮಾಡಿದರು’ ಎನ್ನುವುದು ಒಂದು ಪಕ್ಷ. ‘ಈ ಸಂಶೋಧನೆಗಳೇ ಸುಳ್ಳು, ಇವತ್ತು ಒಂದು ಹೇಳ್ತಾರ, ನಾಳೆ ಇನ್ನೊಂದು ಹೇಳ್ತಾರ’ ಎನ್ನುವುದು ಇನ್ನೊಂದು ಪಕ್ಷ. ಇಬ್ಬರೂ ಕೇಳುತ್ತಿರುವ ಪ್ರಶ್ನೆ ಮಾತ್ರ ಒಂದೇ: ಈ ಔಷಧ ಒಳ್ಳೆಯದೋ, ಕೆಟ್ಟದ್ದೋ?

ಆ ಪ್ರಶ್ನೆಯೇ ಅರ್ಧ ಎಂಬುದು ನನ್ನ ವಾದ. ಯಾರಿಗೆ, ಯಾವಾಗ, ಎಲ್ಲಿ ಎಂದು ಸೇರಿಸದಿದ್ದರೆ ಅದಕ್ಕೆ ಸರಿಯಾದ ಉತ್ತರ ಸಿಗುವುದಿಲ್ಲ. ಇದಕ್ಕೆ ಪುರಾವೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೇರಿರುವ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಅದು ಇದೆ. ಆ ಔಷಧದ ಹೆಸರು ಡೆಕ್ಸಾಮೆಥಾಸೋನ್. ಹೆಸರು ಉದ್ದ, ಬೆಲೆ ಕೆಲವೇ ರೂಪಾಯಿ. ತಾಲ್ಲೂಕು ಆಸ್ಪತ್ರೆಯಲ್ಲಷ್ಟೇ ಅಲ್ಲ, ಸಣ್ಣ ಊರಿನ ಔಷಧ ಅಂಗಡಿಯಲ್ಲೂ ಸಿಗುವ ಸ್ಟೀರಾಯ್ಡ್ ಇದು.

ಕುರಿಮರಿಯಿಂದ ಶುರುವಾದ ಕಥೆ

ತಿಂಗಳು ತುಂಬುವ ಮೊದಲೇ ಹುಟ್ಟುವ ಕೂಸಿನ ದೊಡ್ಡ ಕಷ್ಟ ಉಸಿರಾಟ. ಅದರ ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ. ನ್ಯೂಜಿಲೆಂಡ್‌ನ ವೈದ್ಯ ಗ್ರಹಾಮ್ ಲಿಗಿನ್ಸ್ ಕುರಿಗಳ ಮೇಲೆ ಹೆರಿಗೆಯ ಅಧ್ಯಯನ ಮಾಡುತ್ತಿದ್ದಾಗ ಒಂದು ವಿಚಿತ್ರ ಗಮನಿಸಿದರು. ಸ್ಟೀರಾಯ್ಡ್ ಪಡೆದಿದ್ದ, ಬದುಕಲು ಸಾಧ್ಯವೇ ಇಲ್ಲದಷ್ಟು ಬೇಗ ಹುಟ್ಟಿದ ಕುರಿಮರಿಯ ಶ್ವಾಸಕೋಶದಲ್ಲಿ ಗಾಳಿ ತುಂಬಿಕೊಂಡಿತ್ತು. ಅಲ್ಲಿಂದ ಹೊಳೆದ ವಿಚಾರವನ್ನು ಅವರು ಮಕ್ಕಳ ತಜ್ಞ ರಾಸ್ ಹೋವಿ ಜೊತೆ ಸೇರಿ 282 ತಾಯಂದಿರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಬೇಗ ಹೆರಿಗೆಯಾಗುವ ಸೂಚನೆ ಇರುವ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ, ಸಾವು ಕಡಿಮೆಯಾಗುತ್ತದೆ ಎಂದು ಗೊತ್ತಾಯಿತು.

ಮುಂದಿನ ವರ್ಷಗಳಲ್ಲಿ ಬೇರೆ ಕಡೆ ನಡೆದ ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗಲೂ ಅದೇ ಉತ್ತರ ಬಂತು. ಆದರೂ ಜಗತ್ತಿನ ಆಸ್ಪತ್ರೆಗಳು ಇದನ್ನು ರೂಢಿಗೆ ತರಲು ಎರಡು ದಶಕ ತೆಗೆದುಕೊಂಡವು. ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ ಲಾಂಛನದಲ್ಲಿ ಇಂದಿಗೂ ಇರುವುದು ಇದೇ ಚಿಕಿತ್ಸೆಯ ಲೆಕ್ಕದ ಚಿತ್ರ. ಪುರಾವೆ ಇದ್ದೂ ಬಳಸದಿದ್ದರೆ ಎಷ್ಟು ಕೂಸುಗಳು ಸಾಯುತ್ತವೆ ಎಂಬುದಕ್ಕೆ ಅದು ನೆನಪೋಲೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸರಳ: ಔಷಧ ಒಳ್ಳೆಯದು, ಎಲ್ಲರಿಗೂ ತಲುಪಿಸಿ.

ಹಳ್ಳಿಗೆ ಬಂದಾಗ ಬದಲಾದ ಉತ್ತರ

ಆದರೆ ಆ ಹಳೆಯ ಪರೀಕ್ಷೆಗಳಲ್ಲಿ ಹೆಚ್ಚಿನವು ನಡೆದದ್ದು ಶ್ರೀಮಂತ ದೇಶಗಳ ಸುಸಜ್ಜಿತ ಆಸ್ಪತ್ರೆಗಳಲ್ಲಿ. ಹೆರಿಗೆ ಮನೆಯಲ್ಲೋ ಉಪಕೇಂದ್ರದಲ್ಲೋ ಆಗುವ, ಕೂಸಿಗೆ ಉಸಿರಾಟದ ಯಂತ್ರ ಇಲ್ಲದ ಕಡೆಯೂ ಈ ಇಂಜೆಕ್ಷನ್ ಅಷ್ಟೇ ಕೆಲಸ ಮಾಡುತ್ತದೆಯೇ? ಇದನ್ನು ತಿಳಿಯಲು ಆರು ದೇಶಗಳಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಹೆಸರು ‘ಆಕ್ಟ್’. ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಪಾಕಿಸ್ತಾನ, ಜಾಂಬಿಯಾ ಮತ್ತು ಭಾರತ. ಭಾರತದಲ್ಲಿ ಆರಿಸಿಕೊಂಡದ್ದು ಎರಡೇ ಜಾಗ: ನಾಗಪುರ ಮತ್ತು ಬೆಳಗಾವಿ. ಇಲ್ಲಿ ಇದನ್ನು ನಡೆಸಿದ್ದು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು.

2011ರಿಂದ 2014ರವರೆಗೆ ನಡೆದ ಈ ಪರೀಕ್ಷೆಯಲ್ಲಿ ಸುಮಾರು 98 ಸಾವಿರ ಜೀವಂತ ಜನನಗಳ ಲೆಕ್ಕ ಇಡಲಾಯಿತು. ಕೆಲವು ಪ್ರದೇಶಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿನ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಮತ್ತು ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಕೊಡಲಾಯಿತು. ಉಳಿದ ಪ್ರದೇಶಗಳಲ್ಲಿ ಮೊದಲಿದ್ದ ವ್ಯವಸ್ಥೆಯೇ ಮುಂದುವರಿಯಿತು.

2014ರ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿದರು. ತೀರಾ ಕಡಿಮೆ ತೂಕದ ಕೂಸುಗಳಲ್ಲಿ 28 ದಿನದೊಳಗಿನ ಸಾವು ಇಂಜೆಕ್ಷನ್ ಹಂಚಿದ ಕಡೆ ಸಾವಿರಕ್ಕೆ 225, ಹಂಚದ ಕಡೆ 232. ಇದು ವ್ಯತ್ಯಾಸ ಎಂದು ಹೇಳುವಷ್ಟು ದೊಡ್ಡದಲ್ಲ. ಎಲ್ಲ ಕೂಸುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಇಂಜೆಕ್ಷನ್ ಹಂಚಿದ ಕಡೆಯೇ ಸಾವು ಹೆಚ್ಚು: ಸಾವಿರಕ್ಕೆ 27.4. ಹಂಚದ ಕಡೆ 23.9. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಇದು ಆರೂ ದೇಶಗಳ ಒಟ್ಟು ಲೆಕ್ಕ. ಇದನ್ನು ಒಂದೊಂದು ಜಿಲ್ಲೆಗೆ, ಒಂದೊಂದು ಆಸ್ಪತ್ರೆಗೆ ಅಂಟಿಸಲು ಬರುವುದಿಲ್ಲ. ಆದರೆ ‘ಎಲ್ಲರಿಗೂ ತಲುಪಿಸಿ’ ಎಂಬ ಸರಳ ಘೋಷಣೆಗೆ ಇದು ದೊಡ್ಡ ಪೆಟ್ಟು. ಅದೇ 2014ರಲ್ಲಿ ನಮ್ಮ ಕೇಂದ್ರ ಸರ್ಕಾರ, ಅವಧಿಗೆ ಮುನ್ನ ನೋವು ಬಂದ ತಾಯಿಗೆ ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಎಎನ್‌ಎಂಗಳೇ ಮೊದಲ ಡೋಸ್ ಕೊಡಬಹುದು ಎಂಬ ಮಾರ್ಗಸೂಚಿ ತಂದಿತ್ತು ಎಂಬುದನ್ನು ನೆನಪಿಟ್ಟರೆ ಈ ಪೆಟ್ಟಿನ ತೂಕ ಗೊತ್ತಾಗುತ್ತದೆ.

ಟೇಪು ಅಳೆದದ್ದು ಏನನ್ನು?

ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನ್ನ ಗಮನ ಸೆಳೆದದ್ದು ಇದರ ಅಳತೆಯ ಭಾಗ. ಇಂಜೆಕ್ಷನ್ ಯಾರಿಗೆ ಕೊಡಬೇಕು? ಬೇಗ ಹೆರಿಗೆಯಾಗುವ ತಾಯಿಗೆ. ಆದರೆ ಎಷ್ಟು ವಾರ ತುಂಬಿದೆ ಎಂದು ಗೊತ್ತಾಗುವುದು ಹೇಗೆ? ಕೊನೆಯ ಮುಟ್ಟಿನ ದಿನಾಂಕ ನೆನಪಿಲ್ಲದಿದ್ದಾಗ, ಮೊದಲೇ ಸ್ಕ್ಯಾನ್ ಆಗಿರದಿದ್ದಾಗ, ಹೊಟ್ಟೆಯ ಎತ್ತರವನ್ನು ಬಣ್ಣ ಬಳಿದ ಟೇಪಿನಿಂದ ಅಳೆದು ವಾರ ಅಂದಾಜು ಮಾಡಲಾಯಿತು. ಟೇಪು ಅಳೆಯುವುದು ಎತ್ತರವನ್ನು, ವಾರವನ್ನಲ್ಲ. ತಿಂಗಳು ತುಂಬಿದ್ದರೂ ಚಿಕ್ಕದಾಗಿರುವ ಕೂಸು, ತಿಂಗಳು ತುಂಬದ ಕೂಸು ಎರಡೂ ಟೇಪಿಗೆ ಒಂದೇ ರೀತಿ ಕಾಣಬಹುದು. ಹೀಗಾಗಿ ಇಂಜೆಕ್ಷನ್ ಪಡೆದ ತಾಯಂದಿರಲ್ಲಿ ಬಹುಪಾಲು ಮಂದಿಗೆ ಹುಟ್ಟಿದ್ದು ಅಷ್ಟು ಸಣ್ಣ ಕೂಸುಗಳೇ ಅಲ್ಲ. ಇತ್ತ ನಿಜವಾಗಿ ಸಣ್ಣ ಕೂಸು ಹೆತ್ತ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇಂಜೆಕ್ಷನ್ ತಲುಪಿರಲಿಲ್ಲ. ಬೇಕಾದವರಿಗೆ ಸಿಗಲಿಲ್ಲ, ಬೇಡವಾದವರಿಗೆ ಸಿಕ್ಕಿತು.

ಸ್ಟೀರಾಯ್ಡ್ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಸ್ವಚ್ಛ ಹೆರಿಗೆ ಕೋಣೆ, ಕೂಸಿನ ಆರೈಕೆ, ಸೋಂಕಿಗೆ ಸಕಾಲದ ಚಿಕಿತ್ಸೆ ಇಲ್ಲದ ಕಡೆ ಇದೇ ತೊಂದರೆ ಮಾಡಿರಬಹುದು ಎಂಬುದು ಸಂಶೋಧಕರು ಮುಂದಿಟ್ಟ ವಿವರಣೆಗಳಲ್ಲಿ ಒಂದು.

ನಮ್ಮ ಕಬ್ಬಿನ ಹೊಲದ ಪಂಪ್‌ಸೆಟ್ ನೆನಪಿಸಿಕೊಳ್ಳಿ. ಕಾರ್ಖಾನೆಯ ಪರೀಕ್ಷೆಯಲ್ಲಿ ಪಾಸಾದ ಮೋಟಾರು, ಹೊಲದಲ್ಲಿ ವೋಲ್ಟೇಜ್ ಕುಸಿದಾಗ ಸುಟ್ಟುಹೋಗುತ್ತದೆ. ಮೋಟಾರು ಕೆಟ್ಟದ್ದಲ್ಲ, ಕಾರ್ಖಾನೆಯ ಪರೀಕ್ಷೆ ಸುಳ್ಳೂ ಅಲ್ಲ. ಅದು ಓಡಬೇಕಾದ ಪರಿಸ್ಥಿತಿಯಲ್ಲಿ ಅದನ್ನು ಯಾರೂ ಪರೀಕ್ಷಿಸಿರಲಿಲ್ಲ ಅಷ್ಟೇ.

ಎರಡನೇ ಉತ್ತರ

ಫಲಿತಾಂಶ ಬಂದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಔಷಧವನ್ನು ನಿಷೇಧಿಸಲಿಲ್ಲ. 2015ರಲ್ಲಿ ಷರತ್ತುಗಳನ್ನು ಹಾಕಿತು. ಗರ್ಭದ ವಾರ ನಿಖರವಾಗಿ ಗೊತ್ತಿರಬೇಕು, ಬೇಗ ಹೆರಿಗೆಯಾಗುವುದು ಬಹುತೇಕ ಖಚಿತವಿರಬೇಕು, ತಾಯಿಗೆ ಸೋಂಕು ಇರಬಾರದು, ಹೆರಿಗೆಗೂ ಕೂಸಿನ ಆರೈಕೆಗೂ ತಕ್ಕ ವ್ಯವಸ್ಥೆ ಇರಬೇಕು.

ಈ ಷರತ್ತುಗಳಿದ್ದರೆ ಬಡ ದೇಶಗಳಲ್ಲೂ ಔಷಧ ಕೆಲಸ ಮಾಡುತ್ತದೆಯೇ ಎಂದು ಮತ್ತೆ ಪರೀಕ್ಷೆ ನಡೆಯಿತು. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾದ 29 ಆಸ್ಪತ್ರೆಗಳಲ್ಲಿ 2,852 ತಾಯಂದಿರು ಭಾಗವಹಿಸಿದರು. ಬೆಳಗಾವಿಯ ಸಂಶೋಧಕರು ಇದರಲ್ಲೂ ಇದ್ದರು. ಈ ಸಲ ವಾರದ ಲೆಕ್ಕ ಟೇಪಿನದಲ್ಲ, ಸ್ಕ್ಯಾನಿನದು. ಅರ್ಧ ತಾಯಂದಿರಿಗೆ ಡೆಕ್ಸಾಮೆಥಾಸೋನ್, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧವಿಲ್ಲದ ಇಂಜೆಕ್ಷನ್. 2020ರಲ್ಲಿ ಪ್ರಕಟವಾದ ಫಲಿತಾಂಶ: ಔಷಧ ಪಡೆದವರ ಕೂಸುಗಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ ಶೇ 23.5. ಅಂದರೆ ಸುಮಾರು 25 ತಾಯಂದಿರಿಗೆ ಕೊಟ್ಟರೆ ಒಂದು ಕೂಸು ಉಳಿಯುತ್ತದೆ. ಲಾಭ ಇಷ್ಟು ಸ್ಪಷ್ಟವಾದ್ದರಿಂದ ಸ್ವತಂತ್ರ ನಿಗಾ ಸಮಿತಿಯ ಸಲಹೆಯಂತೆ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು.

ಅದೇ ಔಷಧ, ಅದೇ ಬಡ ದೇಶಗಳು. ಬದಲಾದದ್ದು ಅಳತೆ ಮತ್ತು ಆಸ್ಪತ್ರೆ. ಮೊದಲ ಪರೀಕ್ಷೆ ಪ್ರಶ್ನೆ ಎತ್ತದಿದ್ದರೆ ಎರಡನೆಯದು ಇಷ್ಟು ಎಚ್ಚರದಿಂದ ನಡೆಯುತ್ತಿರಲಿಲ್ಲ. ‘ಇವತ್ತು ಒಂದು, ನಾಳೆ ಇನ್ನೊಂದು’ ಎಂದು ನಗುವ ಗೆಳೆಯರು ಗಮನಿಸಬೇಕಾದದ್ದು ಇದನ್ನೇ. ಉತ್ತರ ಬದಲಾಗಲಿಲ್ಲ, ಪ್ರಶ್ನೆ ಇನ್ನೂ ನಿಖರವಾಯಿತು.

ಮೂರನೇ ಉತ್ತರ ಕೋವಿಡ್‌ನದು

ಅದೇ 2020ರಲ್ಲಿ ಡೆಕ್ಸಾಮೆಥಾಸೋನ್ ಹೆಸರು ಮನೆಮನೆಗೂ ಬಂತು. ಬ್ರಿಟನ್ನಿನ ‘ರಿಕವರಿ’ ಪರೀಕ್ಷೆಯಲ್ಲಿ ವೆಂಟಿಲೇಟರ್‌ನಲ್ಲಿದ್ದ ರೋಗಿಗಳ ಸಾವು ಈ ಔಷಧದಿಂದ ಶೇ 41.4ರಿಂದ ಶೇ 29.3ಕ್ಕೆ ಇಳಿಯಿತು. ಆಮ್ಲಜನಕ ಪಡೆಯುತ್ತಿದ್ದವರಿಗೂ ಲಾಭವಾಯಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಲಾಭ ಕಾಣಲಿಲ್ಲ. ಅವರಲ್ಲಿ ಔಷಧ ಪಡೆದವರ ಸಾವು ಶೇ 17.8, ಪಡೆಯದವರದ್ದು ಶೇ 14. ಹಾನಿ ಎಂದು ಖಚಿತವಾಗಿ ಹೇಳಲಾಗದಿದ್ದರೂ ಎಚ್ಚರಿಕೆಗೆ ಇಷ್ಟು ಸಾಕು.

ಸುದ್ದಿಯಲ್ಲಿ ಉಳಿದದ್ದು ಮಾತ್ರ ‘ಸ್ಟೀರಾಯ್ಡ್ ಜೀವ ಉಳಿಸುತ್ತದೆ’ ಎಂಬ ಅರ್ಧ ವಾಕ್ಯ. 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಮೊದಲ ದಿನವೇ ಸ್ಟೀರಾಯ್ಡ್ ನುಂಗಿದವರಿದ್ದರು. ಕಪ್ಪು ಶಿಲೀಂಧ್ರ ಹರಡಿದಾಗ ತಜ್ಞರು ಬೆರಳು ತೋರಿಸಿದ್ದು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ವಿವೇಚನೆಯಿಲ್ಲದ ಸ್ಟೀರಾಯ್ಡ್ ಬಳಕೆಯ ಕಡೆಗೆ. ‘ಯಾರಿಗೆ’ ಎಂಬ ಒಂದು ಪದ ಬಿಟ್ಟುಹೋದದ್ದರ ಬೆಲೆ ಅದು.

ಪ್ಲಾಸ್ಮಾ ಚಿಕಿತ್ಸೆಯ ಕಥೆ ಇದಕ್ಕೆ ತಿರುವುಮುರುವು. 2020ರಲ್ಲಿ ಅದು ಸಂಜೀವಿನಿ ಎಂಬಂತೆ ಮಾತು ನಡೆಯಿತು. ಪ್ಲಾಸ್ಮಾ ಕೊಟ್ಟವರಿಗೆ ಕರ್ನಾಟಕ ಸರ್ಕಾರ 5,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷೆ ನಡೆಸಿ, ಸಾವಾಗಲಿ ರೋಗದ ಉಲ್ಬಣವಾಗಲಿ ಇದರಿಂದ ಕಡಿಮೆಯಾಗಲಿಲ್ಲ ಎಂದು 2020ರ ಅಕ್ಟೋಬರ್‌ನಲ್ಲೇ ಪ್ರಕಟಿಸಿತು. ಆದರೂ ರಾಷ್ಟ್ರೀಯ ಮಾರ್ಗಸೂಚಿಯಿಂದ ಅದನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ. ನಡುವಿನ ಆ ತಿಂಗಳುಗಳಲ್ಲಿ ಪ್ಲಾಸ್ಮಾ ಹುಡುಕಿಕೊಂಡು ಊರೂರು ಅಲೆದ ಕುಟುಂಬಗಳೆಷ್ಟೋ.

ನಮ್ಮ ತಾಲ್ಲೂಕುಗಳಿಗೆ ಇದರ ಅರ್ಥ

ವಿಶ್ವ ಆರೋಗ್ಯ ಸಂಸ್ಥೆಯ ಷರತ್ತುಗಳನ್ನು ಈಗ ನಮ್ಮ ಭಾಗಕ್ಕೆ ತಂದು ನೋಡೋಣ. ಗಂಭೀರ ತೊಂದರೆ ಬಂದರೆ ನಿಪ್ಪಾಣಿಯವರು ಕೊಲ್ಹಾಪುರದ ಕಡೆ, ಅಥಣಿ, ಕಾಗವಾಡದವರು ಮಿರಜ್, ಸಾಂಗ್ಲಿಯ ಕಡೆ, ಚಿಕ್ಕೋಡಿ, ರಾಯಬಾಗದವರು ಹೆಚ್ಚಾಗಿ ಬೆಳಗಾವಿಯ ಕಡೆ ಗಾಡಿ ತಿರುಗಿಸುತ್ತಾರೆ. ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿದರೆ ಕಲ್ಲೋಳ–ಯಡೂರಿನಂಥ ಕೆಳಮಟ್ಟದ ಸೇತುವೆಗಳು ನೀರಿನಡಿ ಹೋಗುತ್ತವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮರಾಠವಾಡದಿಂದ ಬಂದು ಹೊಲದ ಬದಿ ಗುಡಿಸಲು ಹಾಕುವ ಕಬ್ಬು ಕಡಿಯುವ ಗರ್ಭಿಣಿಯ ವಾರದ ಲೆಕ್ಕ ಯಾವ ಕಾರ್ಡಿನಲ್ಲಿದೆ? ಇಂಜೆಕ್ಷನ್ ಅಗ್ಗ. ಆದರೆ ಅದು ಕೆಲಸ ಮಾಡಬೇಕಾದರೆ ಬೇಕಾದ ಮೊದಲ ತಿಂಗಳುಗಳ ಸ್ಕ್ಯಾನ್, ತಾಯಿ ಕಾರ್ಡಿನಲ್ಲಿ ಸರಿಯಾದ ದಿನಾಂಕ, ಕೂಸಿನ ಘಟಕ, ಸಕಾಲಕ್ಕೆ ಆಂಬುಲೆನ್ಸ್ ಅಗ್ಗವಲ್ಲ. ನಮ್ಮ ಜನಪ್ರತಿನಿಧಿಗಳನ್ನು ಕೇಳಬೇಕಾದದ್ದು ‘ಔಷಧ ದಾಸ್ತಾನು ಇದೆಯೇ’ ಎಂದಷ್ಟೇ ಅಲ್ಲ, ಆ ಔಷಧ ಫಲ ಕೊಡುವ ವ್ಯವಸ್ಥೆ ಇದೆಯೇ ಎಂದು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಒಂದು ಲೆಕ್ಕ. ‘ಆಕ್ಟ್’ ಫಲಿತಾಂಶವನ್ನು ‘ಸಾವು ಶೇ 12ರಷ್ಟು ಹೆಚ್ಚಿತು’ ಎಂದೂ ಬರೆಯಬಹುದು, ‘ಸಾವಿರಕ್ಕೆ 3.5 ಹೆಚ್ಚಿತು’ ಎಂದೂ ಬರೆಯಬಹುದು. ಎರಡೂ ನಿಜ. ಮೊದಲನೆಯದು ಹೆದರಿಸುತ್ತದೆ, ಎರಡನೆಯದು ಚಿಕ್ಕದೆನಿಸುತ್ತದೆ. ಎರಡನ್ನೂ ಕೇಳಿ ಪಡೆಯುವವನೇ ಸರಿಯಾದ ಓದುಗ. ಇಂಥ ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಯಾರ ಮೇಲೆ ಪರೀಕ್ಷೆ ನಡೆಯಿತು? ಯಾವುದಕ್ಕೆ ಹೋಲಿಸಿದರು? ಏನನ್ನು ಎಣಿಸಿದರು, ಸಾವನ್ನೋ ಬರೀ ರಕ್ತಪರೀಕ್ಷೆಯ ಅಂಕಿಯನ್ನೋ? ಅಲ್ಲಿನ ಪರಿಸ್ಥಿತಿ ನಮ್ಮ ಊರಿನಂತಿದೆಯೇ? ಉತ್ತರ ಸಿಗುವ ತನಕ ಮನೆಯವರ ಮಾತ್ರೆಯನ್ನು ನಾವಾಗಿ ನಿಲ್ಲಿಸುವುದೂ ಬೇಡ, ಅಂಗಡಿಯಿಂದ ನಾವಾಗಿ ತಂದು ನುಂಗಿಸುವುದೂ ಬೇಡ. ಡೆಕ್ಸಾಮೆಥಾಸೋನ್ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಆ ಪಟ್ಟಿಯಲ್ಲಿ ಅದು ಇರುವುದಕ್ಕೆ ಕಾರಣ ಮೇಲಿನ ಮೂರು ಉತ್ತರಗಳಲ್ಲೇ ಇದೆ.

ಸಹಿ ನಮ್ಮ ಭಾಷೆಯಲ್ಲಿ, ಫಲಿತಾಂಶ?

ಇಷ್ಟೆಲ್ಲ ಓದಿದ ಮೇಲೆ ನನಗೆ ಹೆಚ್ಚು ಕಾಡುವುದು ಒಂದು ಋಣದ ವಿಚಾರ. ಬೆಳಗಾವಿ ಜಿಲ್ಲೆಯ ತಾಯಂದಿರು ಜಗತ್ತಿಗೆ ಉತ್ತರ ಕೊಟ್ಟದ್ದು ಇದೊಂದೇ ಸಲವಲ್ಲ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಹಳ್ಳಿಯಲ್ಲೂ ಕೆಲಸ ಮಾಡುತ್ತದೆಯೇ ಎಂದು ಇದೇ ಜಿಲ್ಲೆಯಲ್ಲಿ 1,620 ಮಹಿಳೆಯರಲ್ಲಿ ಪರೀಕ್ಷೆ ನಡೆಯಿತು. ಮಾತ್ರೆ ಕೊಟ್ಟವರು ಎಎನ್‌ಎಂಗಳು. ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು ಎಂದು 2006ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇಂದು ಬೇರೆ ಖಂಡದ ಯಾವುದೋ ಹಳ್ಳಿಯಲ್ಲಿ ಬಾಣಂತಿಯೊಬ್ಬಳು ಬದುಕಿದರೆ ಅದರಲ್ಲಿ ನಮ್ಮ ಜಿಲ್ಲೆಯ ತಾಯಂದಿರ ಪಾಲೂ ಇದೆ.

ಅವರು ಪರೀಕ್ಷೆಗೆ ಒಪ್ಪಿಗೆ ಕೊಡುವಾಗ ವಿವರವೆಲ್ಲ ಅವರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು ಎಂಬುದು ನಿಯಮ. ನಮ್ಮಲ್ಲಿ ಅದು ಕನ್ನಡ ಅಥವಾ ಮರಾಠಿ. 2009ರ ಜೂನ್‌ನಿಂದ ಪ್ರತಿ ಕ್ಲಿನಿಕಲ್ ಪರೀಕ್ಷೆಯನ್ನೂ ಸರ್ಕಾರದ ನೋಂದಣಿ ಪಟ್ಟಿಯಲ್ಲಿ ದಾಖಲಿಸುವುದು ಕಡ್ಡಾಯ. ಇವೆರಡೂ ಒಳ್ಳೆಯ ನಿಯಮಗಳು. ಆದರೆ ಪರೀಕ್ಷೆ ಮುಗಿದ ಮೇಲೆ ಫಲಿತಾಂಶ ಪ್ರಕಟವಾಗುವುದು ಇಂಗ್ಲಿಷ್ ಪತ್ರಿಕೆಗಳಲ್ಲಿ, ವೈದ್ಯರು ವೈದ್ಯರಿಗಾಗಿ ಬರೆಯುವ ಭಾಷೆಯಲ್ಲಿ. ಸಹಿ ಕೇಳುವಾಗ ಬೇಕಾದ ನಮ್ಮ ಭಾಷೆ, ಉತ್ತರ ಹೇಳುವಾಗ ಏಕೆ ಬೇಡ?

ನನ್ನ ಸಲಹೆ ದೊಡ್ಡದಲ್ಲ. ಒಂದು ಊರಿನಲ್ಲಿ ಪರೀಕ್ಷೆ ನಡೆದರೆ ಅದರ ಫಲಿತಾಂಶವನ್ನು ಒಂದು ಪುಟದಲ್ಲಿ, ಆ ಊರಿನ ಭಾಷೆಯಲ್ಲಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಹಚ್ಚಬೇಕು. ಗ್ರಾಮಸಭೆಯಲ್ಲಿ ಆಶಾ ಕಾರ್ಯಕರ್ತೆಯೋ ಸಮುದಾಯ ಆರೋಗ್ಯ ಅಧಿಕಾರಿಯೋ ಅದನ್ನು ಓದಿ ಹೇಳಬೇಕು. ಲಾಭವಾಗಿದ್ದರೂ ಹೇಳಬೇಕು, ಆಗದಿದ್ದರೂ ಹೇಳಬೇಕು. ನಮ್ಮಲ್ಲಿ ಎಷ್ಟೋ ಮಂದಿ ನರ್ಸಿಂಗ್, ಫಾರ್ಮಸಿ ಓದುತ್ತಿದ್ದೇವೆ, ಎಷ್ಟೋ ಮಂದಿ ಡೇಟಾ ಕೆಲಸ ಹುಡುಕುತ್ತಿದ್ದೇವೆ. ಆ ಒಂದು ಪುಟ ಬರೆಯುವ ಕೈಗಳು ಈ ಐದು ತಾಲ್ಲೂಕುಗಳಲ್ಲೇ ಇವೆ.

ಚಿಕಿತ್ಸೆಯನ್ನು ಪ್ರಶ್ನಿಸಿದ ಸಂಶೋಧನೆ ವೈದ್ಯರ ಮೇಲಿನ ನಂಬಿಕೆಯನ್ನು ಒಡೆಯುವುದಿಲ್ಲ. ಅದರ ಉತ್ತರವನ್ನು ಅರ್ಧಕ್ಕೇ ಕೇಳಿಸಿಕೊಂಡಾಗ ನಂಬಿಕೆ ಒಡೆಯುತ್ತದೆ. ಪೂರ್ತಿ ಉತ್ತರ ಕೇಳುವ ಹಕ್ಕು ಆ ಉತ್ತರಕ್ಕಾಗಿ ತಮ್ಮ ಹೆರಿಗೆಯ ಹೊತ್ತನ್ನೇ ಪರೀಕ್ಷೆಗೆ ಒಪ್ಪಿಸಿದ ತಾಯಂದಿರಿಗೆ ಮೊದಲು ಸಲ್ಲಬೇಕು.